ಆಯುಷ್ಮಾನ್ ಕಾರ್ಡ್ ಇದೆ, ತಿಂಗಳ ಮಾತ್ರೆ ಎಲ್ಲಿ ಸಿಗುತ್ತದೆ? ಫಾರ್ಮಸಿಸ್ಟ್ ಜೊತೆ ಪ್ರಶ್ನೋತ್ತರ

ಗುಂಪಿನಲ್ಲಿ ಈ ಸಲ ಬಂದ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ವಿಷಯದವು. ಆಯುಷ್ಮಾನ್ ಕಾರ್ಡ್, ವೈದ್ಯರ ಚೀಟಿ ಎರಡೂ ಕೈಯಲ್ಲಿವೆ, ಆದರೂ ಮಾತ್ರೆಗೆ ದುಡ್ಡು ಕೊಡಬೇಕಾಗಿದೆ, ಯಾಕೆ ಅಂತ. ನಾನು ಫಾರ್ಮಸಿಸ್ಟ್, ವೈದ್ಯ ಅಲ್ಲ. ಯಾವ ಮಾತ್ರೆ ತೆಗೆದುಕೊಳ್ಳಬೇಕು ಅಂತ ನಾನು ಹೇಳುವುದಿಲ್ಲ. ಚೀಟಿಯಲ್ಲಿ ಬರೆದಿರುವ ಮಾತ್ರೆ ಕಡಿಮೆ ಖರ್ಚಿನಲ್ಲಿ, ತಪ್ಪದೆ ಹೇಗೆ ಸಿಗುತ್ತದೆ ಅನ್ನುವುದನ್ನು ಹೇಳುತ್ತೇನೆ.

ಪ್ರಶ್ನೆ: ಅಪ್ಪನಿಗೆ ಬಿಪಿ, ಶುಗರ್ ಎರಡೂ ಇದೆ. ಬಿಪಿಎಲ್ ಕುಟುಂಬ ನಮ್ಮದು, ಆಯುಷ್ಮಾನ್ ಕಾರ್ಡ್ ಮಾಡಿಸಿದ್ದೇವೆ. ಮೆಡಿಕಲ್ ಶಾಪ್‌ನಲ್ಲಿ ಕಾರ್ಡ್ ತೋರಿಸಿದರೆ ಇಲ್ಲಿ ನಡೆಯಲ್ಲ ಅಂದರು. 5 ಲಕ್ಷದವರೆಗೆ ಉಚಿತ ಅಂತ ಹೇಳಿದ್ದರಲ್ವಾ?

ಉತ್ತರ: ಶಾಪ್‌ನವರು ಹೇಳಿದ್ದು ಸರಿ. ಆ 5 ಲಕ್ಷ ಇರುವುದು ಆಸ್ಪತ್ರೆಗೆ ದಾಖಲಾದಾಗಿನ ಚಿಕಿತ್ಸೆಗೆ. ಓಪಿಡಿಯಲ್ಲಿ (ಹೊರರೋಗಿ ವಿಭಾಗ) ತೋರಿಸಿ ಚೀಟಿ ಬರೆಸಿಕೊಂಡು ಮನೆಗೆ ತರುವ ಮಾತ್ರೆ ಅದರಲ್ಲಿ ಬರುವುದಿಲ್ಲ. ಈ ಕಾರ್ಡ್ ಕೊಡುವ ಪಿಎಂ ಜನ ಆರೋಗ್ಯ ಯೋಜನೆ ಶುರುವಾಗಿದ್ದು 2018ರ ಸೆಪ್ಟೆಂಬರ್ 23ರಂದು. ಅದೇ ವರ್ಷ ಅದು ನಮ್ಮ ರಾಜ್ಯದ ಯೋಜನೆ ಜೊತೆ ಸೇರಿ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಆಯಿತು. ಶುರುವಿನಿಂದಲೂ ಇದೇ ನಿಯಮ. ಕಾರ್ಡ್ ಹಂಚುವಾಗ ಈ ಮಾತನ್ನು ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಅದಕ್ಕೇ ಜನ ಈಗಲೂ ಕೌಂಟರ್ ಮುಂದೆ ಬಂದು ನಿರಾಸೆಯಿಂದ ವಾಪಸ್ ಹೋಗುತ್ತಾರೆ. ನೋಡಿದರೆ ಬೇಜಾರಾಗುತ್ತದೆ.

ಆದರೆ ಆಯುಷ್ಮಾನ್ ಭಾರತ್‌ನಲ್ಲಿ ಇನ್ನೊಂದು ಭಾಗ ಇದೆ. ಅದಕ್ಕೆ ಕಾರ್ಡೇ ಬೇಡ. ನಿಮ್ಮ ಊರಿನ ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರಗಳ (ಪಿಎಚ್‌ಸಿ) ಗೋಡೆ ಮೇಲೆ ಈಗ ‘ಆಯುಷ್ಮಾನ್ ಆರೋಗ್ಯ ಮಂದಿರ’ ಅಂತ ಬರೆದಿರುತ್ತದೆ, ನೋಡಿರಬಹುದು. ರಾಷ್ಟ್ರಮಟ್ಟದ ಪಟ್ಟಿಯ ಪ್ರಕಾರ ಪಿಎಚ್‌ಸಿಯಲ್ಲಿ 172, ಉಪಕೇಂದ್ರದಲ್ಲಿ 105 ಬಗೆಯ ಅಗತ್ಯ ಔಷಧಿ ಉಚಿತವಾಗಿ ಇರಬೇಕು. ಬಿಪಿ, ಶುಗರ್‌ಗೆ ಸಾಮಾನ್ಯವಾಗಿ ಬರೆಯುವ ಆಮ್ಲೋಡಿಪಿನ್, ಟೆಲ್ಮಿಸಾರ್ಟನ್, ಮೆಟ್‌ಫಾರ್ಮಿನ್‌ನಂಥವನ್ನು ಅಲ್ಲೇ ಕೇಳಿ. ನಗರದಲ್ಲಿದ್ದರೆ ಸರ್ಕಾರದ ‘ನಮ್ಮ ಕ್ಲಿನಿಕ್’ಗೆ ಹೋಗಿ, ಅಲ್ಲೂ ಉಚಿತ.

ಅಪ್ಪನನ್ನು ಒಮ್ಮೆ ಕರೆದುಕೊಂಡು ಹೋಗಿ ಎನ್‌ಸಿಡಿ ವಿಭಾಗದಲ್ಲಿ ಹೆಸರು ನೋಂದಾಯಿಸಿ. ಎನ್‌ಸಿಡಿ ಅಂದರೆ ಬಿಪಿ, ಶುಗರ್‌ನಂಥ ದೀರ್ಘಕಾಲದ ಕಾಯಿಲೆಗಳ ವಿಭಾಗ. ನೋಂದಣಿಯಾದವರಿಗೆ ಒಂದು ತಿಂಗಳ ಮಾತ್ರೆ ಒಟ್ಟಿಗೆ ಕೊಡುವುದು ಪದ್ಧತಿ. ಮೂರೋ ಐದೋ ದಿನದ್ದು ಮಾತ್ರ ಕೊಟ್ಟರೆ, ‘ನಮ್ಮ ಹೆಸರು ಎನ್‌ಸಿಡಿ ರಿಜಿಸ್ಟರ್‌ನಲ್ಲಿದೆ, ಒಂದು ತಿಂಗಳದ್ದು ಕೊಡಿ’ ಅಂತ ಕೇಳಿ. ಮೊದಲ ಸಲ ಹೋಗುವಾಗ ಹಳೇ ಚೀಟಿ, ಇತ್ತೀಚಿನ ರಿಪೋರ್ಟ್, ಈಗ ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್ ಎಲ್ಲ ತೆಗೆದುಕೊಂಡು ಹೋಗಿ. ಖಾಲಿ ಸ್ಟ್ರಿಪ್ ಆದರೂ ಪರವಾಗಿಲ್ಲ, ಅದರ ಹಿಂಭಾಗದಲ್ಲಿ ಔಷಧಿಯ ಹೆಸರು, ಮಿಲಿಗ್ರಾಂ ಇರುತ್ತದೆ.

ಅದೇ ಸದಸ್ಯರು: ಹೋಗಿದ್ದೆವು. ಮಾತ್ರೆ ಕೊಟ್ಟರು. ಆದರೆ ಖಾಸಗಿ ಡಾಕ್ಟರ್ ಬರೆದಿದ್ದು ಒಂದು ಬಿಪಿ ಮಾತ್ರೆ, ಇಲ್ಲಿ ಎರಡು ಕೊಟ್ಟಿದ್ದಾರೆ. ಬಣ್ಣವೂ ಬೇರೆ. ಅಪ್ಪ ಹೆದರಿದ್ದಾರೆ.

ಉತ್ತರ: ನೀವು ಕಳಿಸಿದ ಸ್ಟ್ರಿಪ್ ಫೋಟೋ ನೋಡಿದೆ. ಹಳೇ ಮಾತ್ರೆ ಕಾಂಬಿನೇಷನ್. ಒಂದರೊಳಗೇ ಟೆಲ್ಮಿಸಾರ್ಟನ್ 40, ಆಮ್ಲೋಡಿಪಿನ್ 5 ಎರಡೂ ಇವೆ. ಸರ್ಕಾರಿ ಸರಬರಾಜಿನಲ್ಲಿ ಸಾಮಾನ್ಯವಾಗಿ ಇವು ಬೇರೆ ಬೇರೆ ಬರುತ್ತವೆ. ನಿಮಗೆ ಕೊಟ್ಟಿರುವ ಎರಡು ಸ್ಟ್ರಿಪ್‌ನಲ್ಲೂ ಇವೇ ಹೆಸರು, ಇದೇ ಮಿಲಿಗ್ರಾಂ ಇವೆ. ಔಷಧಿ ಅದೇ, ಪ್ರಮಾಣವೂ ಅದೇ.

ಈಗ ಒಂದು ಮಾತು ದಯವಿಟ್ಟು ಗಮನಿಸಿ. ಮನೆಯಲ್ಲಿ ಹಳೇ ಕಾಂಬಿನೇಷನ್ ಮಾತ್ರೆ ಉಳಿದಿದ್ದರೆ ಅದನ್ನು ಡಬ್ಬಿಯಿಂದ ತೆಗೆದು ಬೇರೆ ಇಡಿ. ‘ಇದು ಆ ಡಾಕ್ಟರ್ ಕೊಟ್ಟಿದ್ದು, ಅದು ಸರ್ಕಾರಿ ಡಾಕ್ಟರ್ ಕೊಟ್ಟಿದ್ದು’ ಅಂತ ವಯಸ್ಸಾದವರು ಎರಡೂ ನುಂಗುತ್ತಾರೆ. ಆಗ ಪ್ರಮಾಣ ದುಪ್ಪಟ್ಟಾಗಿ ಬಿಪಿ ಇಳಿದುಬಿಡುತ್ತದೆ. ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗುವಾಗ ತಲೆ ಸುತ್ತಿ ಬೀಳುತ್ತಾರೆ. ಸೊಂಟದ ಮೂಳೆ ಮುರಿದುಕೊಂಡು ಬಂದವರನ್ನು ನೋಡಿದ್ದೇನೆ. ಶುಗರ್ ಮಾತ್ರೆಗೂ ಇದೇ ಎಚ್ಚರ ಬೇಕು. ಮೆಟ್‌ಫಾರ್ಮಿನ್ ಅಂತ ಇದ್ದರೆ ಪಕ್ಕದಲ್ಲಿ ‘ಎಸ್‌ಆರ್’ ಅಥವಾ ‘ಇಆರ್’ ಅಂತ ಇದೆಯಾ ನೋಡಿ. ಅದು ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ. ಅದರ ಬದಲು ಸಾದಾ ಮೆಟ್‌ಫಾರ್ಮಿನ್ ಕೊಟ್ಟಿದ್ದರೆ ದಿನಕ್ಕೆ ಎಷ್ಟು ಸಲ ಅಂತ ಅಲ್ಲಿನ ವೈದ್ಯರನ್ನೇ ಕೇಳಿ ಬರೆಸಿಕೊಳ್ಳಿ.

ಪ್ರಶ್ನೆ: ನಮ್ಮ ಮಾವನಿಗೆ ಕಾರ್ಡ್ ಮೇಲೆ ಸ್ಟೆಂಟ್ ಹಾಕಿಸಿದೆವು, ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಡಿಸ್ಚಾರ್ಜ್ ಆಗುವಾಗ ಒಂದು ಕವರ್‌ನಲ್ಲಿ ಮಾತ್ರೆ ಕೊಟ್ಟರು. ಅದು ಮುಗಿದು ವಾರವಾಯಿತು. ಕೋರ್ಸ್ ಮುಗಿಯಿತು ಅಂದುಕೊಂಡಿದ್ದೇವೆ. ಮುಂದಿನ ಚೆಕಪ್ ಬರುವ ತಿಂಗಳು.

ಉತ್ತರ: ಕೋರ್ಸ್ ಮುಗಿದಿಲ್ಲ. ಇದನ್ನು ಓದಿದ ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ, ವಾರದಿಂದ ಮಾತ್ರೆ ನಿಂತಿದೆ ಅಂತ ಹೇಳಿ, ಅವರು ಹೇಳಿದಂತೆ ಇವತ್ತೇ ಮತ್ತೆ ಶುರು ಮಾಡಿಸಿ. ಎದೆನೋವು, ಉಸಿರಾಟದ ತೊಂದರೆ ಏನಾದರೂ ಇದ್ದರೆ ಫೋನ್ ಮಾಡುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ.

ಯಾಕೆ ಹೀಗಾಯಿತು ಅಂದರೆ, ಯೋಜನೆಯ ನಿಯಮದಲ್ಲಿ ದಾಖಲಾಗುವ ಮೊದಲಿನ 3 ದಿನ, ಡಿಸ್ಚಾರ್ಜ್ ಆದ ಮೇಲಿನ 15 ದಿನದ ಪರೀಕ್ಷೆ ಮತ್ತು ಔಷಧಿ ಪ್ಯಾಕೇಜ್‌ನೊಳಗೇ (ಒಂದು ಚಿಕಿತ್ಸೆಗೆ ಯೋಜನೆ ಆಸ್ಪತ್ರೆಗೆ ಕೊಡುವ ಒಟ್ಟು ದರ) ಬರುತ್ತವೆ. ಅದಕ್ಕೇ ಕವರ್‌ನಲ್ಲಿ 15 ದಿನದ್ದು ಇರುತ್ತದೆ. ಆ 15 ದಿನ ದುಡ್ಡಿನ ಲೆಕ್ಕ, ಚಿಕಿತ್ಸೆಯ ಲೆಕ್ಕ ಅಲ್ಲ. ಸ್ಟೆಂಟ್ ಹಾಕಿದವರಿಗೆ ಸಾಮಾನ್ಯವಾಗಿ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಥರದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಅದರ ಜೊತೆ ಅಟೋರ್ವಾಸ್ಟಾಟಿನ್‌ನಂಥ ಕೊಬ್ಬಿನ ಮಾತ್ರೆ ಕೊಟ್ಟಿರುತ್ತಾರೆ. ಮೊದಲೆರಡನ್ನು ತಿಂಗಳುಗಟ್ಟಲೆ, ಎಷ್ಟೋ ಜನರಿಗೆ ವರ್ಷದವರೆಗೆ, ಒಟ್ಟಿಗೇ ತೆಗೆದುಕೊಳ್ಳಬೇಕಾಗುತ್ತದೆ. ಮಧ್ಯದಲ್ಲಿ ಬಿಟ್ಟರೆ ಹೊಸ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಅದು ಮತ್ತೊಂದು ಹಾರ್ಟ್ ಅಟ್ಯಾಕ್, ಅದೂ ಮೊದಲಿನದಕ್ಕಿಂತ ಅಪಾಯದ್ದು.

ಇದಕ್ಕೆಲ್ಲ ತಿಂಗಳಿಗೆ ಎಷ್ಟಾಗುತ್ತದೋ ಅಂತ ಹೆದರಿ ಸುಮ್ನೆ ಇರಬೇಡಿ. ಈ ಮೂರರ ಜೆನೆರಿಕ್ ಮಾತ್ರೆ, ಅಂದರೆ ಬ್ರಾಂಡ್ ಹೆಸರಿಲ್ಲದೆ ಔಷಧಿಯ ಹೆಸರಿನಲ್ಲೇ ಮಾರುವುದು, ಕೇಂದ್ರ ಸರ್ಕಾರದ ಯೋಜನೆಯ ಔಷಧಿ ಅಂಗಡಿಯಾದ ಜನೌಷಧಿ ಕೇಂದ್ರದಲ್ಲಿ ತುಂಬಾ ಅಗ್ಗ. ಜಿಲ್ಲಾಸ್ಪತ್ರೆ, ತಾಲ್ಲೂಕು ಆಸ್ಪತ್ರೆಯ ಫಾರ್ಮಸಿಯಲ್ಲೂ ಡಿಸ್ಚಾರ್ಜ್ ಸಮ್ಮರಿ ತೋರಿಸಿ ಕೇಳಿ. ಗುಂಪಿನಲ್ಲಿ ಯಾರ ಮನೆಯಲ್ಲಾದರೂ ಕಾರ್ಡ್ ಮೇಲೆ ಆಪರೇಷನ್ ಆಗಿದ್ದರೆ, ಡಿಸ್ಚಾರ್ಜ್ ದಿನವೇ ಎರಡು ಪ್ರಶ್ನೆ ಕೇಳಿಬಿಡಿ: ಈ ಮಾತ್ರೆ ಎಷ್ಟು ತಿಂಗಳು? 16ನೇ ದಿನಕ್ಕೆ ಎಲ್ಲಿಂದ ತರಬೇಕು?

ಪ್ರಶ್ನೆ: ಕಾರ್ಡ್ ಮೇಲೆ ಅಮ್ಮ ಖಾಸಗಿ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿದ್ದಾಗ ಇಂಜೆಕ್ಷನ್‌ಗಳನ್ನು ಹೊರಗಿನಿಂದ ತರಿಸಿದರು. 6 ಸಾವಿರ ಹೋಯಿತು. ಇದು ಸರಿಯಾ?

ಉತ್ತರ: ಸರಿಯಲ್ಲ. ಪ್ಯಾಕೇಜ್ ದರದಲ್ಲಿ ಹಾಸಿಗೆ, ವೈದ್ಯರ ಫೀಸ್, ಔಷಧಿ, ಪರೀಕ್ಷೆ, ಇಂಪ್ಲಾಂಟ್ (ಸ್ಟೆಂಟ್‌ನಂತೆ ದೇಹದೊಳಗೆ ಇಡುವಂಥದ್ದು) ಎಲ್ಲ ಸೇರಿರುತ್ತದೆ. ಬಿಪಿಎಲ್ ಕುಟುಂಬದಿಂದ ಮತ್ತೆ ದುಡ್ಡು ಕೇಳುವ ಹಾಗಿಲ್ಲ. ಎಪಿಎಲ್ ಆಗಿದ್ದರೆ ಲೆಕ್ಕ ಬೇರೆ. ಕರ್ನಾಟಕದಲ್ಲಿ ಎಪಿಎಲ್ ಕುಟುಂಬಕ್ಕೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ಉಳಿದಿದ್ದು ನಿಮ್ಮದೇ.

ಬಿಲ್ ಇಟ್ಟುಕೊಂಡಿದ್ದೀರಾ? ಹೊರಗಿನ ಅಂಗಡಿಯ ಬಿಲ್‌ನಲ್ಲಿ ಅಮ್ಮನ ಹೆಸರು, ತಾರೀಕು, ಬ್ಯಾಚ್ ನಂಬರ್ ಇರಬೇಕು. ಅದರ ಜೊತೆ, ತನ್ನಿ ಅಂತ ಬರೆದುಕೊಟ್ಟ ಚೀಟಿಯ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಆಸ್ಪತ್ರೆಯಲ್ಲಿ ಯೋಜನೆಯ ‘ಆರೋಗ್ಯಮಿತ್ರ’ ಇರುತ್ತಾರೆ, ಮೊದಲು ಅವರಿಗೆ ಬರೆದುಕೊಡಿ. ಆಮೇಲೆ ಯೋಜನೆಯ ಸಹಾಯವಾಣಿ 14555ಕ್ಕೆ ಅಥವಾ ರಾಜ್ಯದ 104 ಸಹಾಯವಾಣಿಗೆ ಕರೆ ಮಾಡಿ. ಅಡ್ಮಿಟ್ ಆಗಿರುವಾಗಲೇ ದೂರು ಕೊಟ್ಟರೆ ಕೆಲಸ ಬೇಗ ಆಗುತ್ತದೆ. ಮನೆಗೆ ಬಂದ ಮೇಲೆ ಎಳೆದಾಡಬೇಕಾಗುತ್ತದೆ, ಆದರೂ ಕೊಡಿ.

ಪ್ರಶ್ನೆ: ನನ್ನ ಹತ್ತಿರ 14 ಅಂಕಿಯ ಆಭಾ ಕಾರ್ಡ್ ಇದೆ. ಇದಕ್ಕೂ ಔಷಧಿ ಕೊಡಲ್ವಾ?

ಉತ್ತರ: ಇಲ್ಲ. ಆಭಾ ನಿಮ್ಮ ಆರೋಗ್ಯ ದಾಖಲೆಗಳನ್ನು ಒಂದೆಡೆ ಜೋಡಿಸುವ ನಂಬರ್ ಅಷ್ಟೇ, ವಿಮೆ ಅಲ್ಲ. ಕ್ಯೂಆರ್ ಕೋಡ್ ಇಟ್ಟಿರುವ ಆಸ್ಪತ್ರೆಗಳಲ್ಲಿ ಸ್ಕ್ಯಾನ್ ಮಾಡಿದರೆ ಓಪಿಡಿ ಟೋಕನ್ ಬೇಗ ಸಿಗುತ್ತದೆ.

ಪ್ರಶ್ನೆ: ಜನೌಷಧಿ ಕೇಂದ್ರದಲ್ಲಿ ನಮ್ಮ ಡಾಕ್ಟರ್ ಬರೆದ ಬ್ರಾಂಡ್ ಇಲ್ಲ ಅಂದರು. ಅದರ ಬದಲು ಇನ್ನೊಂದು ಕೊಡಿ ಅಂದರೆ ‘ಚೀಟಿಯಲ್ಲಿ ಔಷಧಿ ಹೆಸರು ಬರೆಸಿಕೊಂಡು ಬನ್ನಿ’ ಅಂದರು. ಸುಮ್ನೆ ಓಡಾಡಿಸುತ್ತಿದ್ದಾರೆ ಅನ್ನಿಸಿತು. ಅಷ್ಟು ಅಗ್ಗದ ಮಾತ್ರೆ ಕೆಲಸ ಮಾಡುತ್ತದಾ?

ಉತ್ತರ: ಓಡಾಡಿಸಿದ್ದಲ್ಲ, ಕಾನೂನು ಹಾಗಿದೆ. ಔಷಧಿ ಮತ್ತು ಕಾಂತಿವರ್ಧಕ ನಿಯಮಗಳ ನಿಯಮ 65ರ ಪ್ರಕಾರ ಶೆಡ್ಯೂಲ್ ಎಚ್ ಔಷಧಿಯಲ್ಲಿ (ವೈದ್ಯರ ಚೀಟಿ ಇದ್ದರೆ ಮಾತ್ರ ಮಾರಬೇಕಾದವು) ಚೀಟಿಯಲ್ಲಿ ಬರೆದಿದ್ದರ ಬದಲು ಫಾರ್ಮಸಿಸ್ಟ್ ತಾನಾಗಿಯೇ ಇನ್ನೊಂದು ಕೊಡುವ ಹಾಗಿಲ್ಲ, ಒಳಗಿನ ಔಷಧಿ ಒಂದೇ ಆಗಿದ್ದರೂ ಸರಿ. ಆದ್ದರಿಂದ ವೈದ್ಯರ ಎದುರಿಗೇ ಕೇಳಿ: ‘ಸರ್, ಜೆನೆರಿಕ್ ಹೆಸರು ಬರೆದುಕೊಡಿ, ಜನೌಷಧಿಯಲ್ಲಿ ತೆಗೆದುಕೊಳ್ಳುತ್ತೇನೆ.’ ಕೇಳಲು ಸಂಕೋಚ ಬೇಡ. ಜೆನೆರಿಕ್ ಹೆಸರನ್ನು ಓದುವ ಹಾಗೆ ಬರೆಯಬೇಕು ಅಂತ ವೈದ್ಯರ ನೀತಿ ಸಂಹಿತೆಯಲ್ಲೇ ಇದೆ.

ಗುಣಮಟ್ಟದ ವಿಷಯ. ಜನೌಷಧಿಗೆ ಬರುವ ಪ್ರತಿ ಬ್ಯಾಚ್ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬ್‌ನಲ್ಲಿ ಪರೀಕ್ಷೆಯಾಗಿ ಬರಬೇಕು. ಬೆಲೆ ಕಡಿಮೆ ಇರುವುದಕ್ಕೆ ಮುಖ್ಯ ಕಾರಣ, ಅದರಲ್ಲಿ ಬ್ರಾಂಡಿನ ಜಾಹೀರಾತು ಖರ್ಚು ಇಲ್ಲ. ಸರ್ಕಾರ ಹೇಳುವ ಲೆಕ್ಕ ಬ್ರಾಂಡ್‌ಗಳಿಗಿಂತ ಶೇ 50ರಿಂದ 80ರಷ್ಟು ಕಡಿಮೆ. ಬಿಪಿ, ಶುಗರ್, ಕೊಲೆಸ್ಟರಾಲ್ ಮಾತ್ರೆಗಳನ್ನು ಜನೌಷಧಿಯಲ್ಲಿ ಕೊಳ್ಳಲು ನಾನು ಧೈರ್ಯವಾಗಿ ಹೇಳುತ್ತೇನೆ. ಬದಲಿಸಿದ ಮೇಲೆ ಒಂದು ತಿಂಗಳಿಗೆ ಬಿಪಿ, ಶುಗರ್ ಪರೀಕ್ಷೆ ಮಾಡಿಸಿ, ನಿಮಗೇ ಗೊತ್ತಾಗುತ್ತದೆ. ಆದರೆ ಥೈರಾಯ್ಡ್ ಮಾತ್ರೆ, ಫಿಟ್ಸ್ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಇವುಗಳಲ್ಲಿ ಪ್ರಮಾಣ ಚೂರು ಹೆಚ್ಚುಕಡಿಮೆಯಾದರೂ ತೊಂದರೆ. ವೈದ್ಯರಿಗೆ ಹೇಳದೆ ಬ್ರಾಂಡ್ ಬದಲಿಸಲೇಬೇಡಿ.

ಅಲ್ಲಿ ಆಯುಷ್ಮಾನ್ ಕಾರ್ಡ್ ಕೇಳುವುದಿಲ್ಲ, ಆದಾಯದ ಮಿತಿಯೂ ಇಲ್ಲ. ದುಡ್ಡು ಕೊಟ್ಟು ಯಾರು ಬೇಕಾದರೂ ಕೊಳ್ಳಬಹುದು. ‘ಜನೌಷಧಿ ಸುಗಮ್’ ಆಪ್‌ನಲ್ಲಿ ಔಷಧಿ ಹೆಸರು ಹಾಕಿದರೆ ಬೆಲೆ, ಹತ್ತಿರದ ಕೇಂದ್ರ ಎರಡೂ ಗೊತ್ತಾಗುತ್ತವೆ.

ಇನ್ನೊಬ್ಬರು: ಸರ್ಕಾರಿ ಆಸ್ಪತ್ರೆ ಒಳಗಿನ ಜನೌಷಧಿ ಕೇಂದ್ರ ಮುಚ್ಚುತ್ತಾರೆ ಅಂತ ಕೇಳಿದ್ದೆ?

ಉತ್ತರ: 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹಾಗೆ ಆದೇಶ ಮಾಡಿತ್ತು. ಆಸ್ಪತ್ರೆಯಲ್ಲಿ ಔಷಧಿ ಉಚಿತವಾಗಿಯೇ ಕೊಡುವಾಗ ಒಳಗೆ ಮಾರುವ ಅಂಗಡಿ ಯಾಕೆ ಅನ್ನುವುದು ಸರ್ಕಾರದ ವಾದ. ವಿಷಯ ಹೈಕೋರ್ಟ್‌ಗೆ ಹೋಯಿತು. ಉಚಿತ ಔಷಧಿ ನಿಜವಾಗಿ ಕೌಂಟರ್‌ನಲ್ಲಿ ಇದ್ದರೆ ಆ ವಾದ ಸರಿ. ಇಲ್ಲದ ದಿನ ರೋಗಿ ಎಲ್ಲಿಗೆ ಹೋಗಬೇಕು ಅನ್ನುವುದೇ ನನ್ನ ಚಿಂತೆ. ಆಸ್ಪತ್ರೆ ಹೊರಗೆ, ಪೇಟೆಯಲ್ಲಿರುವ ಕೇಂದ್ರಗಳಿಗೆ ಆ ಆದೇಶ ಇರಲಿಲ್ಲ.

ಪ್ರಶ್ನೆ: ಪಿಎಚ್‌ಸಿಯಲ್ಲಿ ‘ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ’ ಅಂತಾರೆ. ಏನು ಮಾಡುವುದು?

ಉತ್ತರ: ಮುಂದಿನ ವಾರದವರೆಗೆ ಮಾತ್ರೆ ಇಲ್ಲದೆ ಇರಬೇಡಿ, ಇದು ಮೊದಲನೆಯದು. ಅವತ್ತೇ ಜನೌಷಧಿಯಿಂದ ಹತ್ತು ಮಾತ್ರೆ ತಂದುಕೊಳ್ಳಿ, ಅಥವಾ ತಾಲ್ಲೂಕು ಆಸ್ಪತ್ರೆಗೆ ಹೋಗಿ ಕೇಳಿ. ಪಿಎಚ್‌ಸಿಯಲ್ಲಿ ಯಾವ ಔಷಧಿ ಇಲ್ಲ ಅನ್ನುವುದನ್ನು ಚೀಟಿ ಮೇಲೆ ಬರೆಸಿಕೊಳ್ಳಿ, 104ಕ್ಕೂ ತಿಳಿಸಿ. ಇಲ್ಲದ್ದನ್ನು ಇಲ್ಲ ಅಂತ ಜನ ಬರೆಸಿಕೊಂಡರೆ ಮುಂದಿನ ಬೇಡಿಕೆ ಪಟ್ಟಿಯಲ್ಲಿ ಅದು ಸೇರುತ್ತದೆ. ಸುಮ್ಮನೆ ವಾಪಸ್ ಹೋದವರ ಲೆಕ್ಕ ಯಾವ ರಿಜಿಸ್ಟರ್‌ನಲ್ಲೂ ಇರುವುದಿಲ್ಲ.

ಪ್ರಶ್ನೆ: ನಾನು ಬೆಂಗಳೂರಲ್ಲಿ ಇದ್ದೇನೆ, ಅಪ್ಪ ಅಮ್ಮ ಶಿರಸಿ ಹತ್ತಿರದ ಹಳ್ಳಿಯಲ್ಲಿ. ಇಬ್ಬರಿಗೂ 70 ದಾಟಿದೆ. ಹೊಸ ಹಿರಿಯರ ಕಾರ್ಡ್‌ನಲ್ಲಿ ಮಾತ್ರೆ ಬರುತ್ತದಾ? ಹಳೇ ಚೀಟಿಯ ಫೋಟೋ ವಾಟ್ಸಾಪ್ ಮಾಡಿದರೆ ಊರಿನ ಶಾಪ್‌ನವರು ಕೆಲವು ಸಲ ಕೊಡುತ್ತಾರೆ, ಕೆಲವು ಸಲ ಕೊಡಲ್ಲ.

ಉತ್ತರ: ‘ವಯ ವಂದನ’ ಕಾರ್ಡ್ 2024ರ ಅಕ್ಟೋಬರ್ 29ರಂದು ದೇಶದಲ್ಲಿ ಶುರುವಾಗಿದ್ದು. 70 ದಾಟಿದವರಿಗೆ ಆದಾಯ ನೋಡದೆ ವರ್ಷಕ್ಕೆ 5 ಲಕ್ಷದವರೆಗೆ. ಆದರೆ ಅದೂ ಆಸ್ಪತ್ರೆಗೆ ದಾಖಲಾದರೆ ಮಾತ್ರ. ಸೇರಬೇಕೆಂದಿರುವ ಆಸ್ಪತ್ರೆಯಲ್ಲಿ ಅದು ನಡೆಯುತ್ತದಾ ಅಂತ ಮೊದಲೇ ವಿಚಾರಿಸಿ. ತಿಂಗಳ ಮಾತ್ರೆಗೆ ಅವರಿಗೂ ಪಿಎಚ್‌ಸಿಯೇ ದಾರಿ. ಜೊತೆಗೆ ರಾಜ್ಯದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಸಿಬ್ಬಂದಿ ಮನೆಗೇ ಬಂದು ಬಿಪಿ, ಶುಗರ್ ನೋಡುತ್ತಾರೆ, ಔಷಧಿಯನ್ನೂ ಕೊಡುತ್ತಾರೆ. ನಿಮ್ಮ ಊರಿಗೆ ಯಾವಾಗ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ, ಅಮ್ಮನಿಗೆ ಹೇಳಿ ಕೇಳಿಸಿ.

ಹಳೇ ಚೀಟಿ ವಿಷಯದಲ್ಲಿ ಕೊಡದೇ ಇರುವ ಶಾಪ್‌ನವರೇ ನಿಯಮ ಪಾಲಿಸುತ್ತಿರುವುದು. ಒಂದು ಚೀಟಿಗೆ ಒಂದೇ ಸಲ ಔಷಧಿ. ಮತ್ತೆ ಮತ್ತೆ ಕೊಡಬಹುದು ಅಂತ ವೈದ್ಯರು ಬರೆದಿದ್ದರೆ ಮಾತ್ರ ಕೊಡಬಹುದು. ಹಾಗಾಗಿ ಮುಂದಿನ ಭೇಟಿಯಲ್ಲಿ ‘ಮೂರು ತಿಂಗಳು ಮುಂದುವರಿಸಿ’ ಅಂತ ಸ್ಪಷ್ಟವಾಗಿ ಬರೆಸಿ, ಸಹಿ, ತಾರೀಕು ಹಾಕಿಸಿ. ನಿದ್ದೆ ಮಾತ್ರೆ ಆಲ್ಪ್ರಜೋಲಮ್, ಆ್ಯಂಟಿಬಯೋಟಿಕ್ ಸೆಫಿಕ್ಸಿಮ್ ಥರದವು ಇನ್ನೂ ಬಿಗಿ ನಿಯಮದ ಶೆಡ್ಯೂಲ್ ಎಚ್1ರಲ್ಲಿವೆ. ಅವನ್ನು ಕೊಟ್ಟಾಗ ರೋಗಿ, ವೈದ್ಯರ ಹೆಸರನ್ನು ಬೇರೆ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಡಬೇಕು. ಅವನ್ನು ಹಳೇ ಫೋಟೋ ಮೇಲೆ ಕೇಳಬೇಡಿ.

ವೈದ್ಯರ ಹತ್ತಿರ ಹೋಗುವುದೇ ಕಷ್ಟ ಅಂದರೆ ಇ-ಸಂಜೀವಿನಿ ಇದೆ, ಉಚಿತ. ಫೋನಿನಲ್ಲೇ ವೈದ್ಯರು ನೋಡಿ ಇ-ಚೀಟಿ ಕೊಡುತ್ತಾರೆ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಆ ಚೀಟಿಗೆ ಮಾನ್ಯತೆ ಇದೆ. ಫೋನ್ ಹಿಡಿಯಲು ಬಾರದಿದ್ದರೆ ಅಪ್ಪ ಅಮ್ಮ ಆರೋಗ್ಯ ಮಂದಿರಕ್ಕೆ ಹೋದರೆ ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿಯೇ ಕರೆ ಜೋಡಿಸಿ ಕೊಡುತ್ತಾರೆ.

ಸ್ಟೆಂಟ್ ಪ್ರಶ್ನೆ ಕೇಳಿದ್ದವರು: ಆಸ್ಪತ್ರೆಗೆ ಫೋನ್ ಮಾಡಿದೆವು. ಇವತ್ತೇ ಕರೆದುಕೊಂಡು ಬನ್ನಿ ಅಂದಿದ್ದಾರೆ, ಹೊರಟಿದ್ದೇವೆ.

ಉತ್ತರ: ಒಳ್ಳೆಯದಾಯಿತು. ಡಿಸ್ಚಾರ್ಜ್ ಸಮ್ಮರಿ, ಖಾಲಿ ಸ್ಟ್ರಿಪ್‌ಗಳನ್ನು ಮರೆಯದೆ ತೆಗೆದುಕೊಂಡು ಹೋಗಿ. ಬರುವಾಗ ಜೆನೆರಿಕ್ ಹೆಸರಿನಲ್ಲಿ, ಎಷ್ಟು ತಿಂಗಳು ಅಂತ ನಮೂದಿಸಿದ ಹೊಸ ಚೀಟಿ ಬರೆಸಿಕೊಂಡೇ ಬನ್ನಿ. ಅದರ ಫೋಟೋ ನನಗೆ ಕಳಿಸಿದರೆ ಹತ್ತಿರದ ಯಾವ ಕೇಂದ್ರದಲ್ಲಿ ಸಿಗಬಹುದು ಅಂತ ನೋಡಿ ಹೇಳುತ್ತೇನೆ.