ಪೆಲೆಗ ಎಂಬ ಹೆಸರು: ವಿಭಾಗವೋ, ನೀರಿನ ಕಾಲುವೆಯೋ?

ಬೇಳದ ಓದುಗ:
ಬೈಬಲ್ಲಿನ ಮೊದಲ ಗ್ರಂಥವಾದ ಆದಿಕಾಂಡದ 10ನೆಯ ಅಧ್ಯಾಯದ ವಂಶಾವಳಿಯಲ್ಲಿ ಏಬೆರನ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಪೆಲೆಗ ಎಂಬ ಹೆಸರಿದ್ದು, ಅವನ ಕಾಲದಲ್ಲಿ ಭೂಮಿ ವಿಭಾಗವಾಯಿತೆಂಬ ವಿವರಣೆಯೂ ಅಲ್ಲಿಯೇ ಇದೆ. ನಮ್ಮ ಮನೆಯ ಮಲಯಾಳ ಬೈಬಲ್ಲಿನಲ್ಲಿ ಇದು ‘ಪೇಲೆಗ್’. ಹಾಗಾದರೆ ವಿಭಾಗವಾದದ್ದು ನೆಲವೋ, ಜನವೋ? ನಮ್ಮ ‘ಪಾಲು’ ಎಂಬ ಶಬ್ದಕ್ಕೂ ಈ ಹೆಸರಿಗೂ ನಂಟುಂಟೇ?

ಮಂಜೇಶ್ವರದ ನಿವೃತ್ತ ಅಧ್ಯಾಪಕ:
‘ಪಾಲು’ ದ್ರಾವಿಡ ಶಬ್ದ. ಇಲ್ಲಿರುವ ಹೋಲಿಕೆ ಕಿವಿಗೆ ಮಾತ್ರ. ಪೆಲೆಗ ಎಂಬುದು ಪ-ಲ-ಗ ಎಂಬ ಮೂರು ವ್ಯಂಜನಗಳ ಹೀಬ್ರೂ ಧಾತುವಿನಿಂದ ಬಂದಿದ್ದು, ಸೀಳು, ಭಾಗಮಾಡು ಎಂಬುದು ಅದರ ಅರ್ಥ. ದಾನಿಯೇಲನ ಗ್ರಂಥದ ಅರಾಮಿಕ್ ಭಾಗದಲ್ಲಿ (7:25) ‘ಪೆಲಗ್’ ಎಂದರೆ ಅರ್ಧ. 55ನೆಯ ಕೀರ್ತನೆಯಲ್ಲಿ ವೈರಿಗಳ ನಾಲಿಗೆಗಳನ್ನು ಭೇದಿಸೆಂದು ದೇವರನ್ನು ಬೇಡುವಲ್ಲಿಯೂ ಇದೇ ಧಾತುವಿನ ಕ್ರಿಯಾಪದವಿರುವುದರಿಂದ, ಬಾಬೆಲಿನಲ್ಲಿ ಭಾಷೆ ಕಲಸಿ ಜನ ಚದರಿದ ಪ್ರಸಂಗವೇ ಈ ಹೆಸರಿನ ಹಿಂದಿದೆ ಎಂಬ ವ್ಯಾಖ್ಯಾನ ನನಗೆ ಹೆಚ್ಚು ಸರಿಯೆನಿಸುತ್ತದೆ. ‘ಎರೆಟ್ಸ್’ ಎಂಬ ಹೀಬ್ರೂ ಶಬ್ದ ನೆಲಕ್ಕೂ ಆ ನೆಲದ ಜನರಿಗೂ ಸಲ್ಲುತ್ತದೆ. 11ನೆಯ ಅಧ್ಯಾಯದ ಮೊದಲ ವಚನದಲ್ಲಿ ಒಂದೇ ಭಾಷೆಯಿದ್ದದ್ದೂ ಈ ‘ಎರೆಟ್ಸ್’ಗೇ. ಭೂಖಂಡಗಳು ಬೇರ್ಪಟ್ಟದ್ದನ್ನು ಇದಕ್ಕೆ ಗಂಟುಹಾಕುವವರೂ ಇದ್ದಾರೆ. ಕುಲ, ಭಾಷೆ, ದೇಶಗಳ ಪ್ರಕಾರ ಜನ ಹಂಚಿಹೋದದ್ದನ್ನೇ ಹೇಳುವ ಅಧ್ಯಾಯದಲ್ಲಿ ಅದಕ್ಕೆ ಜಾಗವಿಲ್ಲ.

ಬದಿಯಡ್ಕದ ಕೃಷಿಕ:
ಮಾಷ್ಟ್ರೇ, ಒಂದು ಸೇರ್ಪಡೆ. ಹೀಬ್ರೂವಿನಲ್ಲಿ ಸಾಮಾನ್ಯ ನಾಮಪದವಾಗಿ ‘ಪೆಲೆಗ್’ ಎಂದರೆ ನೀರಿನ ಕಾಲುವೆ. ಮೊದಲನೆಯ ಕೀರ್ತನೆಯ ಮರ ಬೆಳೆದಿರುವುದು ‘ಪಲ್ಗೆ ಮಾಯಿಮ್’, ಅಂದರೆ ನೀರ ಕಾಲುವೆಗಳ ಬಳಿ. ಹೀಬ್ರೂವಿನ ಬಳಗದ್ದೇ ಆದ ಪ್ರಾಚೀನ ಭಾಷೆ ಅಕ್ಕಾಡಿಯನ್ನಿನ ‘ಪಲ್ಗು’ ಕೂಡ ಕಾಲುವೆಯೇ. ನಾನು ಕೆಲವು ವರ್ಷ ಒಮಾನಿನಲ್ಲಿ ದುಡಿದವನು. ಅಲ್ಲಿ ನೆಲದಡಿಯಿಂದ ನೀರು ತರುವ ಕಾಲುವೆಗೆ ‘ಫಲಜ್’ ಎನ್ನುತ್ತಾರೆ. ಅದೂ ಇದೇ ಧಾತುವಿನದು. ಹೀಬ್ರೂವಿನ ‘ಗಾಮಾಲ್’ (ಒಂಟೆ) ಅರಬ್ಬಿಯಲ್ಲಿ ‘ಜಮಲ್’ ಆದಂತೆ ಇಲ್ಲಿಯೂ ಗಕಾರ ಜಕಾರವಾಗಿದೆ, ಪಕಾರ ಫಕಾರವಾಗಿದೆ. ಅಂತಹ ಐದು ಕಾಲುವೆ ವ್ಯವಸ್ಥೆಗಳು 2006ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ. ಅವುಗಳ ನೀರನ್ನು ಹಗಲು ನೆರಳನ್ನೂ ರಾತ್ರಿ ನಕ್ಷತ್ರವನ್ನೂ ನೋಡಿ ಸರದಿಯಲ್ಲಿ ಹಂಚುವುದು ಅಲ್ಲಿನ ಹಳೆಯ ಕ್ರಮ. ಮುರಕಲ್ಲು ಕೊರೆದ ನಮ್ಮ ಸುರಂಗದ ನೀರು ಕೆರೆಗೆ ಬಿದ್ದು ಕಣಿಗೆ (ತೋಟದ ಸಣ್ಣ ಕಾಲುವೆಗೆ) ಹರಿಯುವಾಗ, ಅಡ್ಡ ಅಡಿಕೆ ಹಾಳೆಯಿಟ್ಟು ಮಣ್ಣು ಒತ್ತಿ ಈಚೆ ಸಾಲಿಗೆ ತಿರುಗಿಸಿದರೆ ಆಚೆ ಸಾಲಿಗೆ ನೀರು ನಿಲ್ಲುತ್ತದೆ. ಕಾಲುವೆಗೂ ವಿಭಾಗಕ್ಕೂ ಒಂದೇ ಶಬ್ದ ಹೇಗೆ ಬಂತೆಂಬುದು ತೋಟದಲ್ಲಿ ನಿಂತವನಿಗೆ ಆಶ್ಚರ್ಯವೆನಿಸದು.

ಬೇಳದ ಓದುಗ:
ಇಬ್ಬರಿಗೂ ವಂದನೆ. ಏಬೆರ ಬದುಕಿದ್ದು 464 ವರ್ಷ, ಪೆಲೆಗ 239. ಹೆಚ್ಚುಕಡಿಮೆ ಅರ್ಧ! ಹೆಸರಿನಲ್ಲಿ ಇದರ ಸೂಚನೆಯೂ ಇರಬಹುದೇ?

ಮಂಜೇಶ್ವರದ ನಿವೃತ್ತ ಅಧ್ಯಾಪಕ:
ಲೆಕ್ಕ ಸೊಗಸಾಗಿದೆ, ಆದರೆ ಗ್ರಂಥ ಹಾಗೆ ಹೇಳುವುದಿಲ್ಲ. ಮಗುವಿಗೆ ಹೆಸರಿಡುವ ದಿನ ಅದರ ಆಯುಷ್ಯದ ಲೆಕ್ಕ ಏಬೆರನ ಕೈಯಲ್ಲಿರಲಿಲ್ಲವಷ್ಟೆ.