ಒಂದೇ ದಿನ ಎಂಟು ಜಾಗ, ಕಾರಲ್ಲಿ ಮೂರು ಮಕ್ಕಳು

ನಮ್ಮ ಮನೆ ಗುಂಪಿನಲ್ಲಿ ನಡೆದ ಜಟಾಪಟಿ ಇದು. ಏಪ್ರಿಲ್ ರಜಾ. ಬೆಂಗಳೂರಿಂದ ಅಕ್ಕ, ಭಾವ ಮೈಸೂರಿಗೆ ಬರುವವರಿದ್ದಾರೆ. ಅವರ ದೊಡ್ಡವನಿಗೆ ಆರು ವರ್ಷ, ಚಿಕ್ಕವಳಿಗೆ ಮೂರು. ಅಣ್ಣನ ಮಗುವಿಗೆ ಒಂದೂವರೆ. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆ. ಗುಡ್ ಮಾರ್ನಿಂಗ್ ಚಿತ್ರಗಳನ್ನು ತೆಗೆದಿದ್ದೇನೆ, ಇಲ್ಲದಿದ್ದರೆ ಇದರ ಎರಡರಷ್ಟು ಆಗುತ್ತಿತ್ತು.

ದೊಡ್ಡಪ್ಪ: (ಫಾರ್ವರ್ಡ್) ಪುಟಾಣಿಗಳ ಜೊತೆ ರಜಾ! ಮೈಸೂರಿನಿಂದ ಒಂದೇ ದಿನದಲ್ಲಿ 8 ಜಾಗ! ಬೆಳಿಗ್ಗೆ 7ಕ್ಕೆ ಹೊರಟು ರಂಗನತಿಟ್ಟು, ಶ್ರೀರಂಗಪಟ್ಟಣ, ಬಲಮುರಿ, ಸೋಮನಾಥಪುರ, ತಲಕಾಡು, ಗಗನಚುಕ್ಕಿ, ಭರಚುಕ್ಕಿ, ಸಂಜೆ ಕೆ.ಆರ್.ಎಸ್. ಸಂಗೀತ ಕಾರಂಜಿ. ಹತ್ತು ಜನಕ್ಕೆ ಕಳಿಸಿ.

ದೊಡ್ಡಪ್ಪ: ಶನಿವಾರಕ್ಕೆ ಇದೇ ಫಿಕ್ಸ್. ಎರಡು ಕಾರು ದಂಡ. ಏಳು ಸೀಟಿನದು ಒಂದು ಸಾಕು, ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡರೆ ಆಯಿತು.

ಬೆಂಗಳೂರು ಅಕ್ಕ: ದೊಡ್ಡಪ್ಪ, ಇದು ರಜಾನಾ, ಎಲೆಕ್ಷನ್ ಪ್ರಚಾರಾನಾ?

ಅಣ್ಣ: ಓಡಿಸುವವನು ನಾನು, ಅದಕ್ಕೇ ಲೆಕ್ಕ ಹಾಕಿದೆ. ರಂಗನತಿಟ್ಟಿಗೆ ಅರ್ಧ ಗಂಟೆ ದಾರಿ, ಸರಿ. ಬಲಮುರಿ ಇರುವುದು ಕೆ.ಆರ್.ಎಸ್. ಕಡೆ, ಸೋಮನಾಥಪುರ ಬನ್ನೂರು ದಾಟಿ. ದಿಕ್ಕೇ ಬೇರೆ. ಶಿವನಸಮುದ್ರದಿಂದ ವಾಪಸ್ ಕಾರಂಜಿಗೆ ಬರಲು ಎರಡು ಗಂಟೆ ಹತ್ತಿರ. ಒಟ್ಟು ಆರೇಳು ಗಂಟೆ ಸ್ಟೇರಿಂಗ್ ಹಿಡಿದೇ ಇರಬೇಕು. ಇದನ್ನು ಬರೆದವರು ಮ್ಯಾಪ್ ನೋಡಿಲ್ಲ.

ಮಂಡ್ಯ ಚಿಕ್ಕಪ್ಪ: ಅಣ್ಣಯ್ಯ, ಆ ಫಾರ್ವರ್ಡ್‌ನಲ್ಲಿ ಇರುವ ಜಲಪಾತದ ಫೋಟೋ ಮಳೆಗಾಲದ್ದು. ಕಬಿನಿಯೂ ಕನ್ನಂಬಾಡಿಯೂ ತುಂಬಿ ನೀರು ಬಿಟ್ಟಾಗ ಹಾಗೆ ಕಾಣುತ್ತದೆ. ಈಗ ಹೋದರೆ ಬರೀ ಬಂಡೆ. ಹುಡುಗರು ‘ಫಾಲ್ಸ್ ಎಲ್ಲಿ’ ಎಂದು ಕೇಳಿದರೆ ಏನು ತೋರಿಸುತ್ತೀರಿ?

ದೊಡ್ಡಪ್ಪ: ಸರಿ, ಆರು ಜಾಗ.

(ಎರಡು ನಿಮಿಷದಲ್ಲಿ ಎರಡು ಜಲಪಾತ ಬತ್ತಿ ಹೋದವು. ದೊಡ್ಡಪ್ಪ ಹಟಮಾರಿ ಅಲ್ಲ, ಪಟ್ಟಿ ಅಂದರೆ ಅವರಿಗೆ ಇಷ್ಟ ಅಷ್ಟೇ.)

ಭಾವ: ನನ್ನದೊಂದು ಮಾತು. ರಜಾ ಅಂದಮೇಲೆ ಊಟಿಗೇ ಹೋಗೋಣ. ಮೈಸೂರಿನಿಂದ ನೂರಿಪ್ಪತ್ತೈದು ಕಿಲೋಮೀಟರ್ ಚಿಲ್ಲರೆ ಅಷ್ಟೆ. ಇಲ್ಲಿನ ಬಿಸಿಲೂ ತಪ್ಪುತ್ತದೆ.

ಬೆಂಗಳೂರು ಅಕ್ಕ: ರೀ, ಚಿಕ್ಕವಳು ನೈಸ್ ರೋಡಿನಲ್ಲೇ ವಾಂತಿ ಮಾಡುತ್ತಾಳೆ. ಮಸಿನಗುಡಿ ಮೇಲೆ ಹೋದರೆ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವು. ಒಂದೊಂದು ತಿರುವಿಗೆ ಒಂದೊಂದು ಕವರ್ ನೀವೇ ಹಿಡಿಯುತ್ತೀರಾ?

ಅತ್ತಿಗೆ: ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೇ ಇದು ಜಾಸ್ತಿ. ಗಾಡಿ ಓಡುತ್ತಿರುವುದು ಒಳಕಿವಿಗೆ ಗೊತ್ತಾಗುತ್ತದೆ, ಕಣ್ಣು ಮೊಬೈಲ್‌ನಲ್ಲಿ ನೆಟ್ಟಿರುತ್ತದೆ. ಎರಡಕ್ಕೂ ತಾಳೆ ಆಗದೆ ಹೊಟ್ಟೆ ತೊಳಸುತ್ತದೆ. ಮೊದಲು ಆ ಕಾರ್ಟೂನ್ ನಿಲ್ಲಿಸಿ, ಮುಂದೆ ದಾರಿ ನೋಡುವ ಹಾಗೆ ಕೂರಿಸಿ. ಹೊರಡುವ ಮುಂಚೆ ಹೊಟ್ಟೆ ಬಿರಿಯೆ ತಿನ್ನಿಸಬೇಡಿ. ಅರ್ಧ ವಾಂತಿ ಅಲ್ಲೇ ಕಡಿಮೆ ಆಗುತ್ತದೆ.

ಅಣ್ಣ: ಊಟಿಗೆ ಇನ್ನೂ ಎರಡು ತೊಡಕು ಇವೆ ಭಾವ. 2024ರ ಮೇ ತಿಂಗಳಿನಿಂದ ಹೊರಗಿನ ಗಾಡಿಗಳಿಗೆ ಇ-ಪಾಸ್ ಬೇಕು, ಮದ್ರಾಸ್ ಹೈಕೋರ್ಟ್ ಹೇಳಿ ಮಾಡಿಸಿದ್ದು. ವಾಪಸ್ ಬರುವಾಗ ರಾತ್ರಿ 9 ಆದರೆ ಬಂಡೀಪುರದ ಗೇಟ್ ಹಾಕುತ್ತಾರೆ, ತೆಗೆಯುವುದು ಬೆಳಿಗ್ಗೆ 6ಕ್ಕೆ. ಮಗು ಅತ್ತಿತು ಎಂದು ದಾರಿಯಲ್ಲಿ ಒಂದು ಗಂಟೆ ನಿಂತರೆ ಲೆಕ್ಕವೆಲ್ಲ ತಪ್ಪುತ್ತದೆ.

ಭಾವ: ಸರಿಯಪ್ಪ, ಊಟಿ ಬಿಟ್ಟೆ. ಆದರೆ ಒಂದು ರಾತ್ರಿ ಎಲ್ಲಾದರೂ ಉಳಿಯೋಣ. ಈಜುಕೊಳ ಇರುವ ಜಾಗ. ಶ್ರೀರಂಗಪಟ್ಟಣದ ಸುತ್ತ ಬೇಕಾದಷ್ಟು ಇವೆ.

ದೊಡ್ಡಪ್ಪ: ಶ್ರೀರಂಗಪಟ್ಟಣದಲ್ಲಿ ರೂಮಾ? ಮನೆಯಿಂದ ಹದಿನಾರು ಕಿಲೋಮೀಟರ್! ನಾನು ಸೈಕಲ್ ತುಳಿದುಕೊಂಡು ಹೋಗಿ ಬರುತ್ತಿದ್ದ ಊರು. ಕೇಳಿದವರು ನಗುತ್ತಾರೆ.

ಭಾವ: ಕೇಳಿದವರು ಮಕ್ಕಳನ್ನು ಮಲಗಿಸಲು ಬರುವುದಿಲ್ಲವಲ್ಲ ಮಾವ.

ಬೆಂಗಳೂರು ಅಕ್ಕ: ಇವರು ಹೇಳುವುದರಲ್ಲಿ ಅರ್ಥ ಇದೆ, ಅಪರೂಪಕ್ಕೆ. ಮಕ್ಕಳಿಗೆ ರಜಾ ಅನ್ನಿಸುವುದು ಬೇರೆ ಕಡೆ ಮಲಗಿದಾಗ. ಹದಿನಾರೋ ನೂರಾ ಅರವತ್ತೋ, ಅವರು ಮೈಲಿಗಲ್ಲು ಓದುತ್ತಾರಾ? ಹತ್ತಿರ ಇದ್ದರೆ ಒಬ್ಬರಿಗೆ ಜ್ವರ ಬಂದರೂ ಅರ್ಧ ಗಂಟೆಯಲ್ಲಿ ಮನೆ.

ದೊಡ್ಡಪ್ಪ: ಬರೀ ಈಜುಕೊಳದಲ್ಲಿ ಬಿದ್ದಿರುವುದಾದರೆ ಬಲಮುರಿ ಇಲ್ವಾ? ಖರ್ಚಿಲ್ಲ. ನಿಮ್ಮಪ್ಪ, ನಾನು ಎಲ್ಲ ಅಲ್ಲೇ ಈಜು ಕಲಿತಿದ್ದು.

(ಇಲ್ಲಿಂದ ಮುಂದಿನ ಅರ್ಧ ಗಂಟೆ ಜೋರಾಯಿತು. ಕೆಲವು ಸಾಲುಗಳನ್ನು ಬಿಟ್ಟಿದ್ದೇನೆ.)

ಅತ್ತಿಗೆ: ಮಾವ, ಬಲಮುರಿಗೂ ತಲಕಾಡಿಗೂ ನನ್ನ ಮಗುವನ್ನು ನೀರಿಗೆ ಬಿಡುವುದಿಲ್ಲ. ಮೇಲೆ ಮೊಣಕಾಲುದ್ದ ನೀರು, ಕಾಲಿಟ್ಟ ಕಡೆ ಗುಂಡಿ. ಪ್ರತಿ ಬೇಸಿಗೆಯಲ್ಲೂ ಪೇಪರ್‌ನಲ್ಲಿ ಬರುವುದು ಅದೇ ಸುದ್ದಿ ಅಲ್ವಾ.

ದೊಡ್ಡಪ್ಪ: ಈಜು ಬಾರದವರು ಇಳಿದರೆ ಹಾಗೆ ಆಗುತ್ತದೆ. ನಾವು ದೊಡ್ಡವರು ಐದು ಜನ ಇರುತ್ತೇವೆ.

ಮಂಡ್ಯ ಚಿಕ್ಕಪ್ಪ: ಅಣ್ಣಯ್ಯ, ಈ ವಿಷಯದಲ್ಲಿ ನಾನು ಹುಡುಗಿ ಕಡೆ. ನಾವು ಈಜುತ್ತಿದ್ದಾಗ ಹೊಳೆಯಲ್ಲಿ ಮರಳು ಇತ್ತು. ಆಮೇಲೆ ಎಷ್ಟು ಲೋಡ್ ಎತ್ತಿದರು ನಿಮಗೇ ಗೊತ್ತು. ತಳ ಎಲ್ಲಿದೆ ಎಂದು ಊರಿನವರಿಗೇ ಈಗ ಗೊತ್ತಾಗುವುದಿಲ್ಲ. ಐದು ಜನ ಇದ್ದರೆ ಐದು ಜನವೂ ‘ಅವರು ನೋಡುತ್ತಿದ್ದಾರೆ’ ಎಂದುಕೊಳ್ಳುತ್ತಾರೆ.

ದೊಡ್ಡಪ್ಪ: ಹೊಳೆ ದಡದಲ್ಲಿ ಹುಟ್ಟಿದ ಮಕ್ಕಳಿಗೆ ಹೊಳೆ ತೋರಿಸಬಾರದು ಅನ್ನಿ.

ಅತ್ತಿಗೆ: ತೋರಿಸೋಣ, ದೋಣಿಯಲ್ಲಿ ಕೂರಿಸಿ ತೋರಿಸೋಣ. ರಂಗನತಿಟ್ಟು ಆ ಪಟ್ಟಿಯಲ್ಲಿ ಇರುವ ಒಳ್ಳೆ ಜಾಗ, ಅದನ್ನೂ ಎಂಟರಲ್ಲಿ ಒಂದು ಮಾಡಿ ಮುಗಿಸಿದ್ದಾರೆ. ಈಗ ಗೂಡುಗಳಲ್ಲಿ ಮರಿಗಳಿರುತ್ತವೆ. ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ಹೆಜ್ಜಾರ್ಲೆ, ಬಂಡೆ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆ. ಆರು ವರ್ಷದವನಿಗೆ ಇನ್ನೇನು ಬೇಕು? ಮಳೆಗಾಲಕ್ಕೆ ಬಿಟ್ಟರೆ ಅಣೆಕಟ್ಟಿನ ನೀರು ಬಂದು ದೋಣಿಯೇ ನಿಂತಿರುತ್ತದೆ.

ದೊಡ್ಡಪ್ಪ: ಅದನ್ನು 1940ರಲ್ಲಿ ಪಕ್ಷಿಧಾಮ ಮಾಡಿದ್ದು ಸಲೀಂ ಅಲಿಯವರು ಹೇಳಿದ ಮೇಲೆ. 2022ರಲ್ಲಿ ರಾಮ್ಸರ್ ಪಟ್ಟಿಗೂ (ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ) ಸೇರಿತು, ಕರ್ನಾಟಕದಲ್ಲಿ ಮೊದಲನೆಯದು. ಇದನ್ನೆಲ್ಲ ಹುಡುಗನಿಗೆ ನಾನೇ ಹೇಳುತ್ತೇನೆ.

ಬೆಂಗಳೂರು ಅಕ್ಕ: ಹೇಳಿ ದೊಡ್ಡಪ್ಪ. ಮೊಸಳೆ ನೋಡಿ ಆದ ಮೇಲೆ ಹೇಳಿ.

ನಾನು: ಬೆಳಿಗ್ಗೆ ಒಂದು ಜಾಗ, ಸಂಜೆ ಒಂದು. ಮಧ್ಯಾಹ್ನ ಮಕ್ಕಳು ಮಲಗಬೇಕು. ಇದಕ್ಕಿಂತ ಜಾಸ್ತಿ ಇಟ್ಟರೆ ನೋಡುವುದು ನಾವು, ಅಳುವುದು ಅವರು. ಸಂಗೀತ ಕಾರಂಜಿ ಶುರುವಾಗುವುದು ಕತ್ತಲಾದ ಮೇಲೆ, ಗೇಟಿನಿಂದ ಅಲ್ಲಿಯ ತನಕ ನಡೆಯುವುದೂ ತುಂಬ ಇದೆ. ಆ ಹೊತ್ತಿಗೆ ಮೂವರನ್ನೂ ಎತ್ತಿಕೊಂಡು ಹೋಗುವವರು ಯಾರು?

ದೊಡ್ಡಪ್ಪ: ಹಾಗಾದರೆ ಊರೊಳಗೇ ಇರೋಣ ಅಂತೀರಾ.

ಅತ್ತಿಗೆ: ಇದ್ದರೆ ತಪ್ಪೇನು? ಕಾರಂಜಿ ಕೆರೆಯಲ್ಲಿ ಹಕ್ಕಿಗಳ ಮಧ್ಯೆಯೇ ನಡೆದಾಡಬಹುದು. ರೈಲ್ವೆ ಮ್ಯೂಸಿಯಂನಲ್ಲಿ ಪುಟಾಣಿ ರೈಲು ಇದೆ. ಅವರು ಬರುವ ಶುಕ್ರವಾರ ಸಂಜೆಗೆ ಕಾರಂಜಿ ಕೆರೆ ಇಟ್ಟುಕೊಳ್ಳಿ.

ದೊಡ್ಡಪ್ಪ: ಕೆರೆ ಸುತ್ತಿದ್ದನ್ನು ಪ್ರವಾಸ ಅನ್ನುತ್ತಾರಾ? ಒಂದಾದರೂ ಹಳೇ ಜಾಗ ನೋಡಲಿ. ನಿಮ್ಮನ್ನೆಲ್ಲ ಇಷ್ಟು ಚಿಕ್ಕವರಿದ್ದಾಗಲೇ ಸೋಮನಾಥಪುರಕ್ಕೆ ಕರೆದುಕೊಂಡು ಹೋಗಿದ್ದೆ. ಕೆಟ್ಟು ಹೋದಿರಾ?

(ಇದಕ್ಕೆ ಸ್ವಲ್ಪ ಹೊತ್ತು ಯಾರೂ ಉತ್ತರ ಕೊಡಲಿಲ್ಲ. ನನಗೆ ಅವರು ಹೇಳಿದ್ದು ಸರಿ ಅನ್ನಿಸಿತು. ಮಕ್ಕಳ ಜಾಗ ಅಂದರೆ ಜಾರುಬಂಡೆ ಮಾತ್ರ ಅಂತ ನಾವೂ ತೀರ್ಮಾನ ಮಾಡಿಬಿಡುತ್ತೇವೆ.)

ನಾನು: ಸೋಮನಾಥಪುರಕ್ಕೆ ನನ್ನ ಓಟು ದೊಡ್ಡಪ್ಪನಿಗೆ. ಮೈಸೂರಿನಿಂದ ಮೂವತ್ತೈದು ಕಿಲೋಮೀಟರ್ ಹತ್ತಿರ, ಒಂದೇ ಗುಡಿ, ಒಂದು ಗಂಟೆಯಲ್ಲಿ ನೋಡಿ ಮುಗಿಯುತ್ತದೆ. ಹೊರಗೆ ಹುಲ್ಲುಹಾಸು ಇದೆ, ಓಡಬಹುದು. ಗೋಡೆಯ ಕೆಳಗಿನ ಸಾಲಿನಲ್ಲಿ ಸುತ್ತಲೂ ಆನೆಗಳು. ಅವು ಇರುವುದೇ ಮಕ್ಕಳ ಎತ್ತರಕ್ಕೆ. ದೊಡ್ಡವನಿಗೆ ಎಣಿಸು ಎಂದು ಹೇಳಿದರೆ ಸಾಕು.

ಬೆಂಗಳೂರು ಅಕ್ಕ: ಬರಿಗಾಲು, ಮಧ್ಯಾಹ್ನದ ಕಲ್ಲು ಸುಡುತ್ತದೆ. ಬೆಳಿಗ್ಗೆ ಆದರೆ ನಾನೂ ಸೈ.

ದೊಡ್ಡಪ್ಪ: ಹದಿಮೂರನೇ ಶತಮಾನದ ಗುಡಿ. ಬೇಲೂರು, ಹಳೇಬೀಡಿನ ಜೊತೆ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಬಂತು. ಬೆಳಿಗ್ಗೆಯೇ ಹೋಗೋಣ.

ಅಜ್ಜಿ: (ವಾಯ್ಸ್ ಮೆಸೇಜ್, ಬರೆದು ಹಾಕಿದವಳು ನಾನು) ನನ್ನನ್ನು ಯಾರೂ ಕೇಳಲಿಲ್ಲ. ಮೇಲುಕೋಟೆಗೆ ಹೋಗಿ ಎಷ್ಟು ವರ್ಷ ಆಯಿತು. ಬೆಟ್ಟ ಹತ್ತುವುದಿಲ್ಲ, ಕೆಳಗೆ ಚೆಲುವನಾರಾಯಣನನ್ನು ನೋಡುತ್ತೇನೆ, ಪುಳಿಯೋಗರೆ ತಿನ್ನುತ್ತೇನೆ, ಅಷ್ಟೇ. ಮಕ್ಕಳಿಗೂ ಕಲ್ಯಾಣಿ ತೋರಿಸಿದ ಹಾಗಾಯಿತು.

ಅಣ್ಣ: ಅಜ್ಜಿ, ಮೇಲುಕೋಟೆಗೆ ನಾವಿಬ್ಬರೇ ಹೋಗೋಣ, ಮಕ್ಕಳು ಬೇಡ. ಅಲ್ಲಿ ಕೋತಿಗಳು ಚಿಪ್ಸ್ ಕವರಿಗೆ ಕೈ ಹಾಕುತ್ತವೆ, ಇವರು ಬಿಡುವ ಜಾತಿ ಅಲ್ಲ.

ಅಜ್ಜಿ: (ವಾಯ್ಸ್) ಹಾಗೇ ಆಗಲಿ. ಮಾತಿಗೆ ತಪ್ಪಬೇಡ.

ಮಂಡ್ಯ ಚಿಕ್ಕಪ್ಪ: ಎಲ್ಲರೂ ಕೇಳಿ. ಶನಿವಾರ ಗೇಟ್ ತೆರೆಯುವ ಹೊತ್ತಿಗೆ ರಂಗನತಿಟ್ಟಿಗೆ ಬನ್ನಿ, ದೋಣಿಗೆ ಕ್ಯೂ ಇರುವುದಿಲ್ಲ. ಬಿಸಿಲು ಏರುವ ಮುಂಚೆ ಅಲ್ಲಿಂದ ಬಿಟ್ಟು ನಮ್ಮನೆಗೆ ಬನ್ನಿ. ಮುದ್ದೆ, ಬಸ್ಸಾರು. ಮಕ್ಕಳಿಗೆ ಅನ್ನ ಮೊಸರು. ಮಧ್ಯಾಹ್ನ ಎಲ್ಲರೂ ಮಲಗಿ. ಸಂಜೆ ತೋಟದಲ್ಲಿ ಪಂಪ್‌ಸೆಟ್ ನೀರು. ರಾತ್ರಿ ಇಲ್ಲೇ ಉಳಿಯಿರಿ. ಭಾನುವಾರ ಬೆಳಿಗ್ಗೆ ಬನ್ನೂರು ಮೇಲೆ ಸೋಮನಾಥಪುರ ನೋಡಿಕೊಂಡು ಮೈಸೂರು ಸೇರಿ. ರೂಮಿನ ದುಡ್ಡೂ ಉಳಿಯಿತು, ಅಣ್ಣಯ್ಯನ ಮಾನವೂ ಉಳಿಯಿತು.

ಬೆಂಗಳೂರು ಅಕ್ಕ: ಚಿಕ್ಕಪ್ಪ, ಚಿಕ್ಕಮ್ಮನನ್ನು ಕೇಳಿದಿರಾ? ಹತ್ತು ಜನಕ್ಕೆ ಮುದ್ದೆ ತಿರುಗಿಸುವವರು ಅವರು.

ಮಂಡ್ಯ ಚಿಕ್ಕಪ್ಪ: ಕೇಳಿಯೇ ಹೇಳಿದೆ ಕಣಮ್ಮ. ಬೇಕಾದರೆ ಅವಳ ವಾಯ್ಸ್ ಹಾಕಿಸುತ್ತೇನೆ.

ಅತ್ತಿಗೆ: ನಾಲೆ ಏರಿ ಕಡೆಗೆ ಮಾತ್ರ ಮಕ್ಕಳನ್ನು ಬಿಡುವುದು ಬೇಡ. ಆಲೆಮನೆ ತೋರಿಸಿದರೆ ದೂರದಿಂದ. ಕುದಿಯುವ ಕೊಪ್ಪರಿಗೆ ಹತ್ತಿರ ಬೇಡ.

ಮಂಡ್ಯ ಚಿಕ್ಕಪ್ಪ: ಬಿಸಿ ಬೆಲ್ಲ ಎಲೆ ಮೇಲೆ ಹಾಕಿಸಿ ಹೊರಗೇ ತಂದುಕೊಡುತ್ತೇನೆ.

ಅಣ್ಣ: ಈಗ ಕಾರಿನ ವಿಷಯ. ಎರಡೂ ಹೊರಡುತ್ತವೆ. ತೊಡೆ ಮೇಲೆ ಮಕ್ಕಳು ಬೇಡ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ, 14 ವರ್ಷದೊಳಗಿನವರಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1000 ರೂಪಾಯಿ ದಂಡ.

ದೊಡ್ಡಪ್ಪ: ಹದಿನಾರು ಕಿಲೋಮೀಟರಿಗೂ?

ಅಣ್ಣ: ಎಕ್ಸ್‌ಪ್ರೆಸ್‌ವೇ ದೊಡ್ಡಪ್ಪ. ಜೋರಾಗಿ ಬ್ರೇಕ್ ಹಾಕಿದರೆ ನಿಮ್ಮ ಕೈಯಲ್ಲಿ ಮಗು ನಿಲ್ಲುವುದಿಲ್ಲ, ಎಷ್ಟೇ ಗಟ್ಟಿ ಹಿಡಿದರೂ. ಹತ್ತಿರದ ದಾರಿ ಎಂದೇ ಎಲ್ಲರೂ ಬೆಲ್ಟ್ ಬಿಡುವುದು.

ದೊಡ್ಡಪ್ಪ: ಸರಿ. ಎರಡನೇ ಕಾರಿನ ಡೀಸೆಲ್ ನನ್ನದು. ದೊಡ್ಡವನು ನನ್ನ ಪಕ್ಕ, ಬೆಲ್ಟ್ ಹಾಕಿಕೊಂಡೇ.

(ವೋಟಿಗೆ ಹಾಕಿದೆ. ಚಿಕ್ಕಪ್ಪನ ಮನೆ ಆರು, ರೆಸಾರ್ಟ್ ಒಂದು, ಎಂಟು ಜಾಗ ಸೊನ್ನೆ. ದೊಡ್ಡಪ್ಪನೂ ತಮ್ಮ ಪಟ್ಟಿಗೆ ಒತ್ತಿಲ್ಲ.)

ಭಾವ: ಒಂದು ಪ್ರಶ್ನೆ ಚಿಕ್ಕಮಾವ. ಪಂಪ್‌ಸೆಟ್ ನೀರು ಅಂದಿರಲ್ಲ, ಸಂಜೆ ತ್ರೀಫೇಸ್ ಕರೆಂಟ್ ಇರುತ್ತದಾ?

ಮಂಡ್ಯ ಚಿಕ್ಕಪ್ಪ: ಈ ವಾರ ನಮ್ಮ ಕಡೆ ರಾತ್ರಿ ಪಾಳಿ.

ಭಾವ: ಅಂದರೆ ಸಂಜೆ ನೀರಿಲ್ಲ.

ಮಂಡ್ಯ ಚಿಕ್ಕಪ್ಪ: ಶುಕ್ರವಾರ ರಾತ್ರಿಯೇ ಎದ್ದು ತೊಟ್ಟಿ ತುಂಬಿಸುತ್ತೇನೆ. ಶನಿವಾರ ಸಂಜೆ ತನಕ ಬಿಸಿಲಿಗೆ ನೀರೂ ಬೆಚ್ಚಗಾಗಿರುತ್ತದೆ.

ಅತ್ತಿಗೆ: ಎಷ್ಟು ಆಳ?

ಮಂಡ್ಯ ಚಿಕ್ಕಪ್ಪ: ತುಂಬಿಸುವವನು ನಾನೇ ಅಲ್ವಾ. ನಿನ್ನ ಮಗುವಿನ ಮೊಣಕಾಲಿನ ಅಳತೆ ಕಳಿಸು, ಅಷ್ಟೇ ತುಂಬಿಸುತ್ತೇನೆ. ಅವರು ಎದ್ದು ಹೊರಗೆ ಬರುವ ತನಕ ನಾನು ಅಲ್ಲಿಂದ ಕದಲುವುದಿಲ್ಲ.

ಭಾವ: ನನ್ನ ಮೊಣಕಾಲಿನ ಅಳತೆ ಬೇಡವಾ?

ಮಂಡ್ಯ ಚಿಕ್ಕಪ್ಪ: ನಿಮಗೆ ರಾತ್ರಿ ಹನ್ನೆರಡಕ್ಕೆ ಕರೆಂಟ್ ಬಂದ ಮೇಲೆ ಪೈಪಿನ ಕೆಳಗೇ ನಿಲ್ಲಿಸುತ್ತೇನೆ ಅಳಿಯಂದಿರೇ.