ಬಾಯಿಯ ಕ್ಯಾನ್ಸರ್ ಕುತ್ತಿಗೆಯ ಗಂಟಿಗೆ ಇಳಿಯುವುದು ಹೇಗೆ? ಗ್ರೋತ್ ಫ್ಯಾಕ್ಟರ್‌ನ ಪಾತ್ರ ಎಷ್ಟು?

ಪಯಸ್ವಿನಿ_ಬದಿಯಡ್ಕ:
ಕಾಸರಗೋಡಿನ ಬದಿಯಡ್ಕ, ಎಣ್ಮಕಜೆ ಕಡೆ ಮನೆಭೇಟಿಗೆ ಹೋಗುವ ಪಾಲಿಯೇಟಿವ್ (ಉಪಶಮನ ಆರೈಕೆಯ) ನರ್ಸುಗಳಿಗಾಗಿ ಕನ್ನಡದಲ್ಲಿ ಎರಡು ಪುಟದ ಟಿಪ್ಪಣಿ ತಯಾರಾಗುತ್ತಿದೆ. ರಿಪೋರ್ಟು ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ, ಮನೆಯವರ ಮಾತು ಕನ್ನಡ ಇಲ್ಲವೇ ತುಳು. ಎಲೆ-ಅಡಿಕೆ, ಹೊಗೆಸೊಪ್ಪಿನಿಂದ ಬಂದ ಕೆನ್ನೆ, ನಾಲಗೆಯ ಕ್ಯಾನ್ಸರು ಮೊದಲು ಕುತ್ತಿಗೆಗೇ ಏಕೆ ಇಳಿಯುತ್ತದೆ? ವಿಇಜಿಎಫ್-ಸಿ ಎಂಬ ಗ್ರೋತ್ ಫ್ಯಾಕ್ಟರ್ (ನಾಳ ಬೆಳೆಯಲು ಪ್ರಚೋದಿಸುವ ಪ್ರೋಟೀನು) ಅಲ್ಲಿ ಮಾಡುವುದೇನು? ಅದನ್ನು ತಡೆಯುವ ಮದ್ದು ಇದೆಯೇ? ಸೂಜಿ ಚುಚ್ಚಿದರೆ ಹರಡುತ್ತದೆ ಎನ್ನುವವರಿಗೆ ಏನು ಹೇಳಬೇಕು?

ಚಂದ್ರಗಿರಿ_ಆಂಕೊ:
ಸಿಸ್ಟರ್, ಮೊದಲು ದುಗ್ಧನಾಳದ (ಅಂಗಾಂಶದಿಂದ ಒಸರಿದ ದ್ರವ ಸಾಗಿಸುವ ಲಿಂಫ್ ನಾಳದ) ರಚನೆ ಹೇಳಿ, ಗ್ರೋತ್ ಫ್ಯಾಕ್ಟರ್ ಆಮೇಲೆ. ನಮ್ಮ ಕಡೆಯವರಿಗೆ ಸುರಂಗ ಗೊತ್ತು: ಗುಡ್ಡದೊಳಗೆ ತುದಿ ಮುಚ್ಚಿದ ಕೊರೆತ, ಮುರಕಲ್ಲಿನಿಂದ ಒಸರಿದ ನೀರು ತಾನಾಗಿ ಹೊರಗಿನ ಕೆರೆಗೆ ಇಳಿಯುತ್ತದೆ. ದುಗ್ಧನಾಳದ ತುದಿಯೂ ಹಾಗೆಯೇ ಮುಚ್ಚಿದ್ದು. ಗೋಡೆ ಒಂದೇ ಪದರದ ಕೋಶ. ಅಂಚುಗಳು ಹಂಚಿನಂತೆ ಒಂದರ ಮೇಲೊಂದು ಕೂತಿವೆ, ಅಲ್ಲಲ್ಲಿ ಮಾತ್ರ ಗುಂಡಿ ಹಾಕಿದ ಹಾಗೆ ಅಂಟಿವೆ. ಸುತ್ತ ದ್ರವ ಹೆಚ್ಚಿದಾಗ ನವಿರಾದ ಎಳೆಗಳು ಈ ಅಂಚನ್ನು ಎಳೆದು ತೆರೆಯುತ್ತವೆ. ರಕ್ತನಾಳಕ್ಕಿರುವ ಗಟ್ಟಿ ತಳಪೊರೆ ಇಲ್ಲಿ ಇಲ್ಲವೆನ್ನುವಷ್ಟು ತೆಳು. ಕ್ಯಾನ್ಸರ್ ಕೋಶ ನುಸುಳಲು ಇದೇ ಸಲೀಸು. ಬಾಯಿಯ ದುಗ್ಧರಸ ಇಳಿಯುವ ಕೆರೆಯೇ ದವಡೆಯ ಕೆಳಗಿನ, ಕುತ್ತಿಗೆಯ ಮೇಲುಭಾಗದ ದುಗ್ಧಗ್ರಂಥಿಗಳು (ಲಿಂಫ್ ನೋಡ್); ಊದಿದಾಗ ಗಂಟೆಂದು ಕೈಗೆ ಸಿಗುವುದು ಇವೇ.

ವಿಇಜಿಎಫ್-ಸಿ ಪತ್ತೆಯಾದದ್ದು 1996ರಲ್ಲಿ, ಹೆಲ್ಸಿಂಕಿಯ ಕಾರಿ ಅಲಿಟಾಲೊ ತಂಡದಿಂದ. ಗಡ್ಡೆಯ ಕೋಶಗಳೂ ಅಲ್ಲಿಗೆ ಬಂದು ಸೇರುವ ಮ್ಯಾಕ್ರೋಫೇಜು ಎಂಬ ರಕ್ಷಣಾ ಕೋಶಗಳೂ ಇದನ್ನು ಸುರಿಸುತ್ತವೆ. ಅದು ದುಗ್ಧನಾಳದ ಕೋಶದ ಮೇಲಿರುವ ವಿಇಜಿಎಫ್‌ಆರ್-3 ಎಂಬ ಗ್ರಾಹಕಕ್ಕೆ ಕೂತರೆ ಹೊಸ ಕವಲು ಗಡ್ಡೆಯ ಕಡೆಗೆ ಚಿಗುರುತ್ತದೆ, ಇದ್ದ ನಾಳ ಅಗಲವಾಗುತ್ತದೆ. ಗಡ್ಡೆಯ ನಡುವಿನ ನಾಳಗಳು ಒತ್ತಡಕ್ಕೆ ಅಪ್ಪಚ್ಚಿಯಾಗಿರುತ್ತವೆ. ಕೆಲಸ ಮಾಡುವುದು ಅಂಚಿನವು. 2001ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ವಿಇಜಿಎಫ್-ಸಿ ಹೆಚ್ಚು ಸುರಿಸುವ ಗಡ್ಡೆಗಳು ಗ್ರಂಥಿಗೆ ಹೆಚ್ಚು ಹರಡಿದವು. ಇನ್ನೊಂದು ಸಂಗತಿ ನನಗೆ ತುಂಬ ಮುಖ್ಯವೆನಿಸುತ್ತದೆ: ಕೋಶ ತಲುಪುವ ಮೊದಲೇ ಈ ಪ್ರೋಟೀನು ಗ್ರಂಥಿಗೆ ಹರಿದು ಅಲ್ಲಿನ ನಾಳಗಳನ್ನೂ ಹಿಗ್ಗಿಸಬಲ್ಲದು.

ಆದರೆ ಅದೊಂದೇ ಕಾರಣ ಎಂದು ಬರೆಯಬೇಡಿ. ದುಗ್ಧನಾಳ ಸಿಸಿಎಲ್21 ಎಂಬ ಸಂಕೇತವನ್ನು ಬಿಡುತ್ತದೆ. ಸಿಸಿಆರ್7 ಗ್ರಾಹಕ ಇರುವ ಕ್ಯಾನ್ಸರ್ ಕೋಶ ಅದರ ಜಾಡು ಹಿಡಿದು ಬರುತ್ತದೆ.

ಕುಂಬಳೆ_ಪ್ಯಾಥ್:
ಮನೆಗೆ ಬರುವ ರಿಪೋರ್ಟಿನಲ್ಲಿ ವಿಇಜಿಎಫ್-ಸಿ ಹುಡುಕಬೇಡಿ, ಅದು ವಾಡಿಕೆಯ ಪರೀಕ್ಷೆಯಲ್ಲ. ನೋಡಬೇಕಾದ್ದು ಡೆಪ್ತ್ ಆಫ್ ಇನ್ವೇಷನ್ (ಕ್ಯಾನ್ಸರ್ ಇಳಿದ ಆಳ), ಲಿಂಫೋವ್ಯಾಸ್ಕ್ಯುಲರ್ ಇನ್ವೇಷನ್ (ನಾಳದೊಳಗೆ ಕೋಶ ನುಗ್ಗಿರುವುದು), ಎಕ್ಸ್‌ಟ್ರಾನೋಡಲ್ ಎಕ್ಸ್‌ಟೆನ್ಷನ್ (ಗ್ರಂಥಿಯ ಪೊರೆ ದಾಟಿರುವುದು).

ಆಳವೆಂದರೆ ಗಡ್ಡೆಯ ದಪ್ಪವಲ್ಲ. ಪಕ್ಕದ ಆರೋಗ್ಯವಂತ ಪೊರೆಯ ತಳದ ಗೆರೆಯಿಂದ ನೇರ ಕೆಳಗೆ ಅಳೆದದ್ದು. ಮೇಲೆ ಹೂಕೋಸಿನಂತೆ ಉಬ್ಬಿದ್ದರೂ ಆಳ ಕಡಿಮೆ ಇರಬಹುದು. ಚಪ್ಪಟೆ ಹುಣ್ಣು ಆಳಕ್ಕೆ ಕೊರೆದಿರಬಹುದು. 5 ಮಿ.ಮೀ., 10 ಮಿ.ಮೀ. ದಾಟಿದಂತೆ ಹಂತ ಏರುತ್ತದೆ.

ನಾಳದೊಳಗೆ ಕೋಶ ಇದೆಯೇ ಎಂಬಲ್ಲಿ ತಪ್ಪು ಆಗುವುದುಂಟು. ತೆಗೆದ ತುಂಡು ಕೆಡದಂತೆ ಇಡುವ ಫಾರ್ಮಲಿನ್ ದ್ರವ ಕಡಿಮೆಯಾದರೆ ಅಥವಾ ತಡವಾದರೆ ಅಂಗಾಂಶ ಕುಗ್ಗಿ ಗಡ್ಡೆಯ ಸುತ್ತ ಬಿರುಕು ಬೀಳುತ್ತದೆ, ಸ್ಲೈಡಿನಲ್ಲಿ ಅದು ನಾಳದ ಹಾಗೆಯೇ ಕಾಣುತ್ತದೆ. 10% ಬಫರ್ಡ್ ಫಾರ್ಮಲಿನ್, ತುಂಡಿನ ಗಾತ್ರದ ಹತ್ತು ಪಟ್ಟು ಇರಬೇಕು. ಅನುಮಾನವಿದ್ದರೆ ಡಿ2-40 ಬಣ್ಣ ಹಾಕಿಸಬೇಕು: ನಿಜವಾದ ದುಗ್ಧನಾಳವಾದರೆ ಖಾಲಿ ಜಾಗದ ಸುತ್ತ ತೆಳ್ಳನೆಯ ಕಂದು ಗೆರೆ ಮೂಡುತ್ತದೆ, ಬಿರುಕಿಗೆ ಆ ಗೆರೆ ಇರುವುದಿಲ್ಲ.

ಪಯಸ್ವಿನಿ_ಬದಿಯಡ್ಕ:
ಉಪಕಾರವಾಯಿತು ಡಾಕ್ಟ್ರೇ. ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗದಿದ್ದರೂ ಕೊಯ್ಯುತ್ತಾರಲ್ಲ, ಯಾಕೆ ಎಂದು ಎಲ್ಲರೂ ಕೇಳುತ್ತಾರೆ.

ಚಂದ್ರಗಿರಿ_ಆಂಕೊ:
ಗ್ರಂಥಿಯೊಳಗೆ ಒಂದೆರಡು ಮಿ.ಮೀ.ನ ಕ್ಯಾನ್ಸರ್ ಬೆರಳಿಗೂ ಸಿಗದು, ಸ್ಕ್ಯಾನಿಗೂ ತಪ್ಪಬಹುದು. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಅಧ್ಯಯನ 2015ರಲ್ಲಿ ಪ್ರಕಟವಾಯಿತು: ಬಾಯಿಯ ಆಪರೇಷನ್ ಜೊತೆಗೇ ಕುತ್ತಿಗೆಯ ಗ್ರಂಥಿ ತೆಗೆದವರಲ್ಲಿ ಮೂರು ವರ್ಷದ ಬಳಿಕ ಬದುಕಿದ್ದವರು 80%, ಗಂಟು ಕಂಡ ಮೇಲೆ ತೆಗೆಯೋಣವೆಂದು ಕಾದವರಲ್ಲಿ 67.5%. ಮನೆಯವರಿಗೆ ಈ ಎರಡು ಅಂಕಿ ಹೇಳಿದರೆ ಸಾಕು.

ಮದ್ದಿನ ವಿಷಯ: ಬೆವಾಸಿಜುಮ್ಯಾಬ್ ಎಂಬ ಕ್ಯಾನ್ಸರ್ ಮದ್ದು ಹಿಡಿಯುವುದು ವಿಇಜಿಎಫ್-ಎ ಎಂಬ ಬೇರೆ ಪ್ರೋಟೀನನ್ನು. ವಿಇಜಿಎಫ್‌ಆರ್-3 ತಡೆದಾಗ ಇಲಿಗಳಲ್ಲಿ ಹರಡುವಿಕೆ ತಗ್ಗಿದೆ. ಬಾಯಿಯ ಕ್ಯಾನ್ಸರಿಗೆ ಅದಿನ್ನೂ ವಾಡಿಕೆಯ ಚಿಕಿತ್ಸೆಯಲ್ಲ. ರೋಗ ಪತ್ತೆಯಾಗುವಷ್ಟರಲ್ಲಿ ಕೋಶ ಗ್ರಂಥಿ ಸೇರಿದ್ದರೆ ದಾರಿ ಮುಚ್ಚಿ ಪ್ರಯೋಜನ ಕಡಿಮೆ.

ಎಣ್ಮಕಜೆ_ಸರ್ಜನ್:
ಸೂಜಿಯ ಬಗ್ಗೆ. ಎಫ್‌ಎನ್‌ಎಸಿಗೆ (ಗಂಟಿನಿಂದ ಕೋಶ ಎಳೆದು ನೋಡುವ ಸೂಜಿ ಪರೀಕ್ಷೆಗೆ) ಬಳಸುವುದು 22ರಿಂದ 25 ಗೇಜಿನ ಸಪೂರ ಸೂಜಿ. ಅದರಿಂದ ಕುತ್ತಿಗೆಯಲ್ಲಿ ಹರಡುವುದು ಅತಿ ಅಪರೂಪ. ಕೆಡುಕಾಗುವುದು ಬೇರೆ ಕಡೆ: ಬಾಯಿ ನೋಡದೆ, ಸೂಜಿ ಪರೀಕ್ಷೆ ಮಾಡದೆ ಗಂಟನ್ನು ಮಾತ್ರ ಕೊಯ್ದು ತೆಗೆದರೆ ಪೊರೆ ಒಡೆದು ಆಮೇಲಿನ ಆಪರೇಷನ್ ಕಷ್ಟವಾಗುತ್ತದೆ. ಹಲ್ಲುನೋವಿಗೂ ಗಂಟು ಬರುತ್ತದೆ, ಒತ್ತಿದರೆ ನೋಯುತ್ತದೆ. ಗಟ್ಟಿಯಾಗಿ, ನೋವಿಲ್ಲದೆ ಎರಡು ಮೂರು ವಾರ ಉಳಿದರೆ ಎಣ್ಣೆ ತಿಕ್ಕುತ್ತ ಕೂರಬಾರದು.

ಕ್ಯಾನ್ಸರು ಗ್ರಂಥಿಯ ಪೊರೆ ದಾಟಿದೆ ಎಂದು ರಿಪೋರ್ಟಿನಲ್ಲಿದ್ದರೆ, ದೇಹ ತಡೆದುಕೊಂಡರೆ, ರೇಡಿಯೇಷನ್ ಜೊತೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಮದ್ದು ಕೊಡುತ್ತಾರೆ. ಆಪರೇಷನ್ ಆಗಿ ಆರು ವಾರದೊಳಗೆ ಶುರುವಾಗಬೇಕು. ಇಲ್ಲಿನವರು ತಲಶ್ಶೇರಿಗೋ ಮಂಗಳೂರಿಗೋ ಬದಲಾಯಿಸುವಾಗ ಬ್ಲಾಕು (ಮೇಣದಲ್ಲಿ ಹುದುಗಿಸಿದ ಗಡ್ಡೆಯ ತುಂಡು), ಸ್ಲೈಡು ಹಳೆಯ ಲ್ಯಾಬಿನಲ್ಲೇ ಉಳಿದು ವಾರಗಟ್ಟಲೆ ಹೋಗುತ್ತದೆ. ಡಿಸ್ಚಾರ್ಜ್ ದಿನವೇ ಅವನ್ನು ಕೇಳಿ ಪಡೆಯಬೇಕೆಂದು ಟಿಪ್ಪಣಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ ಸಿಸ್ಟರ್.